ಎರಡನೇ ಟಕ್

ಇಪ್ಪತ್ತೇಳು ವರ್ಷ ನಾನು ಗೇಟಿನಲ್ಲಿ ನಿಂತವಳು. ಬಟ್ಟೆ ಹೊಲಿಯುವ ಕಾರ್ಖಾನೆ. ಸಂಜೆ ಸೈರನ್ ಕೂಗಿದರೆ ಆರುನೂರು ಹೆಂಗಸರು ಒಂದೇ ಸಲ ಹೊರಗೆ ಬರುತ್ತಿದ್ದರು. ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ ನೋಡಿ ಬಿಡುವುದು ನನ್ನ ಕೆಲಸ. ಊಟದ ಡಬ್ಬಿಯ ತಳದಲ್ಲಿ ಗುಂಡಿ, ಛತ್ರಿಯ ಮಡಿಕೆಯಲ್ಲಿ ಲೇಸು, ತುರುಬಿನೊಳಗೆ ದಾರದ ಉಂಡೆ, ಎಲ್ಲ ಹಿಡಿದಿದ್ದೇನೆ. ಒಮ್ಮೆ ಒಬ್ಬಳು ಕಡುಬೇಸಗೆಯಲ್ಲಿ ಒಂದರ ಮೇಲೊಂದು ನಾಲ್ಕು ಅಂಗಿ ತೊಟ್ಟು, ಜ್ವರ ಎಂದು ನರಳುತ್ತ ಹೊರಟಿದ್ದಳು. ಜ್ವರ ಬಂದವರು ಬೆವರುತ್ತಾರೆ, ಊದಿಕೊಳ್ಳುವುದಿಲ್ಲ ಎಂದು ಅವಳನ್ನು ಒಳಗೆ ಕಳಿಸಿದೆ.

ಬೆನ್ನ ಹಿಂದೆ ನನ್ನನ್ನು ಹದ್ದು ಎನ್ನುತ್ತಿದ್ದರು. ನನಗೆ ಅದು ಬಿರುದು ಕೊಟ್ಟ ಹಾಗೆ ಇತ್ತು. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ ಕಣ್ಣು ತನ್ನ ಕೆಲಸ ಬಿಡಲಿಲ್ಲ. ಹಾಲಿನವನು ತುಂಬಿಸಿದ ಅಳತೆ, ಮೀಟರ್ ನೋಡಲು ಬಂದವನ ಗುರುತಿನ ಚೀಟಿ, ನೆಂಟರು ಹೊರಟಾಗ ಚಮಚದ ಲೆಕ್ಕ, ಒಂದನ್ನೂ ನಾನು ಹಾಗೇ ಬಿಟ್ಟವಳಲ್ಲ.

"ತಾ ಕಳ್ಳ ಪರರ ನಂಬ ಅಂತ ಗಾದೆ ಅಮ್ಮ," ಎನ್ನುತ್ತಾನೆ ನನ್ನ ಮಗ. "ನೀನು ಒಂದು ಸೂಜಿ ಕದ್ದವಳಲ್ಲ, ಆದ್ರೂ ಯಾರನ್ನೂ ನಂಬಲ್ಲ. ಗಾದೇನೇ ಸುಳ್ಳು ಮಾಡ್ಬಿಟ್ಟೆ."

ಇನ್ನೊಂದು ಮಾತನ್ನೂ ಅವನು ಆಗಾಗ ಹೇಳುತ್ತಿದ್ದ, ಟೀವಿ ಸದ್ದು ಕಡಿಮೆ ಮಾಡು ಎಂದು. ಕಾರ್ಖಾನೆಯ ಸೈರನ್ ನನ್ನ ತಲೆಗಿಂತ ಎರಡಾಳು ಮೇಲಿತ್ತು, ದಿನಕ್ಕೆ ಆರು ಸಲ ಕೂಗುತ್ತಿತ್ತು. ಆ ಮಾತನ್ನು ಮಾತ್ರ ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈಗ ನಮ್ಮ ಮನೆಯ ಗೇಟಿನ ವಿಷಯ. ಮೊಮ್ಮಗಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ, ನಿಂತಲ್ಲಿ ನಿಲ್ಲುವುದಿಲ್ಲ. ಹನ್ನೊಂದು ತಿಂಗಳಿಗೇ ನಡೆದಳು. ನಮ್ಮದು ಮಹಡಿ ಮನೆ. ಕೆಳಗೆ ಅಡುಗೆಮನೆ ಮತ್ತು ಬಂದವರು ಕೂರುವ ಜಾಗ, ಮೇಲೆ ಮಲಗುವ ಕೋಣೆಗಳು ಮತ್ತು ಮಗು ಆಡುವ ಹಜಾರ. ನಡುವೆ ಹದಿನಾರು ಕಲ್ಲಿನ ಮೆಟ್ಟಿಲು, ಒಂದು ತಿರುವಿಲ್ಲ. ಮೇಲಿನಿಂದ ಜಾರಿದರೆ ತಡೆಯುವುದು ಕೆಳಗಿನ ನೆಲ ಒಂದೇ.

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಎಲ್ಲವನ್ನೂ ಓದಿ ತಿಳಿದುಕೊಂಡು ಕೊಳ್ಳುತ್ತಾಳೆ. ಅಂಗಡಿಯಿಂದ ಒಂದು ಬಿಳಿ ಗೇಟು ತಂದಳು. ಗೋಡೆಗೆ ತೂತು ಬೇಡ, ಎರಡು ಕಡೆ ರಬ್ಬರಿನ ಬಟ್ಟಲು, ತಿರುಪು ತಿರುಗಿಸಿದರೆ ಗೋಡೆಗಳ ನಡುವೆ ಒತ್ತಿಕೊಂಡು ನಿಲ್ಲುತ್ತದೆ. ನಾನು ಅದನ್ನು ಮೊಣಕಾಲಿನಿಂದ ಒಮ್ಮೆ ದೂಡಿದೆ. ಅದು ಸೀದಾ ಹೋಗಿ ಮೂರನೇ ಮೆಟ್ಟಿಲ ಮೇಲೆ ಅಂಗಾತ ಬಿತ್ತು.

"ಅತ್ತೆ, ಮಗು ನಿಮ್ಮಷ್ಟು ಜೋರಾಗಿ ದೂಡುತ್ತಾ?" ಎಂದಳು ಸೊಸೆ.

"ಇವತ್ತು ದೂಡಲ್ಲ. ಬರೋ ತಿಂಗಳು ದೂಡ್ತಾಳೆ."

ಹಾಗಾಗಿ ಗೇಟಿನವನು ಬಂದ. ವಯಸ್ಸಾದ ಮನುಷ್ಯ, ವೆಲ್ಡಿಂಗ್ ಕಿಡಿಗೆ ಹುಬ್ಬು ಅರ್ಧ ಸುಟ್ಟಿತ್ತು. ಬಿದ್ದಿದ್ದ ಬಿಳಿ ಗೇಟನ್ನು ನೋಡಿ, "ಇದು ಎರಡು ಕೋಣೆ ಮಧ್ಯದ ಬಾಗಿಲಿಗೆ ಸರಿ ಅಮ್ಮ. ಮೆಟ್ಟಿಲ ತಲೆ ಮೇಲೆ ಬೇಡ. ಇಲ್ಲಿ ಗೋಡೆಗೆ ಬೋಲ್ಟ್ ಹೊಡೀಲೇಬೇಕು," ಎಂದ. ನಾನು ಸೊಸೆಯ ಮುಖ ನೋಡಿದೆ. ಸೊಸೆ ಗೋಡೆ ನೋಡಿದಳು.

ಆಮೇಲೆ ನನ್ನ ಸರದಿ. ಕಾರ್ಖಾನೆಯ ಗೇಟಿನಂತೆ ನಡುವೆ ಎರಡು ಗಟ್ಟಿ ಅಡ್ಡಪಟ್ಟಿ ಹಾಕಿಸಬೇಕೆಂದು ನನ್ನ ಆಸೆ.

"ಅಡ್ಡಪಟ್ಟಿ ಹಾಕಿದ್ರೆ ಅದು ಗೇಟಲ್ಲ, ಏಣಿ," ಎಂದ ಅವನು. "ಕಾಲಿಡೋಕೆ ಜಾಗ ಸಿಕ್ಕಿದ್ರೆ ಮಗು ಹತ್ತೇ ಹತ್ತುತ್ತೆ. ಬರೀ ಉದ್ದ ಸರಳು ಇರ್ಲಿ. ಸಂದಿ ನನ್ನ ಮೂರು ಬೆರಳು, ಅದಕ್ಕಿಂತ ಜಾಸ್ತಿ ಬೇಡ, ತಲೆ ತೂರಿಸ್ಬಿಡುತ್ತೆ. ಮತ್ತೆ ಗೇಟು ಹಜಾರದ ಕಡೆಗೇ ತೆಗೀಬೇಕು. ಮೆಟ್ಟಿಲ ಕಡೆ ತೆಗೆದ್ರೆ ಅದಕ್ಕೆ ಜೋತುಬಿದ್ದ ಮಗು ಗಾಳೀಲಿ ನಿಲ್ಲುತ್ತೆ."

ಈ ಸಲ ಸೊಸೆ ನನ್ನ ಮುಖ ನೋಡಿದಳು. ಒಂದಕ್ಕೊಂದು ಸಮ ಆಯಿತು ಎಂದುಕೊಂಡೆ.

ನಾಲ್ಕು ದಿನಕ್ಕೆ ಗೇಟು ಕೂತಿತು. ನನ್ನ ಸೊಂಟದವರೆಗೆ ಎತ್ತರ, ತುದಿಗಳನ್ನೆಲ್ಲ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದ. ಚಿಲಕ ಮಾತ್ರ ಅವನ ಹೆಮ್ಮೆ. ಮನೆಯವರನ್ನೆಲ್ಲ ನಿಲ್ಲಿಸಿ ತೋರಿಸಿದ.

"ಗೇಟು ಎಳೆದಾಗ ಚಿಲಕದ ನಾಲಿಗೆ ಕಚ್ಚಿನ ಮೇಲೆ ಕೂರುತ್ತೆ. ಟಕ್. ಅಷ್ಟಕ್ಕೆ ಬಿಡಬೇಡಿ. ಹಿಡೀನ ಇನ್ನೊಂಚೂರು ಕೆಳಗೆ ಒತ್ತಿ, ಒಳಗಿರೋ ಸಣ್ಣ ಮೊಳೆ ಹೊರಗೆ ಬರುತ್ತೆ. ಎರಡನೇ ಟಕ್. ಅದು ಕೇಳಿದ್ರೆ ಮಾತ್ರ ಗೇಟು ಹಾಕಿದ್ದು. ಒಂದೇ ಟಕ್ ಆದ್ರೆ ನೋಡೋಕೆ ಹಾಕಿದ ಹಾಗೇ ಕಾಣುತ್ತೆ, ಎರಡು ಸಲ ಅಲ್ಲಾಡಿಸಿದ್ರೆ ಬಿಟ್ಕೊಳ್ಳುತ್ತೆ. ಕೇಳಿಸ್ತಾ ಎಲ್ಲರಿಗೂ?"

ಮಗ ತಲೆಯಾಡಿಸಿದ, ಸೊಸೆ ತಲೆಯಾಡಿಸಿದಳು. ಮೊದಲನೆಯದು ನನಗೆ ಚೆನ್ನಾಗಿ ಕೇಳಿಸಿತ್ತು. ಎರಡನೆಯದು ಅಷ್ಟು ಸ್ಪಷ್ಟವಾಗಲಿಲ್ಲ. ಹೊಸ ಕಬ್ಬಿಣ, ನಾಲ್ಕು ದಿನ ಹೋದರೆ ಸದ್ದು ಬಿಡುತ್ತದೆ ಎಂದುಕೊಂಡು ನಾನೂ ತಲೆಯಾಡಿಸಿದೆ.

ಗೇಟು ಬಂದ ವಾರಕ್ಕೆ ಆಯಾ ಬಂದಳು. ನಲವತ್ತು ದಾಟಿದ ಹೆಂಗಸು, ಇದಕ್ಕೆ ಮೊದಲು ಎರಡು ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡವಳು. ಬುಗುರಿ ಒಂದೇ ದಿನದಲ್ಲಿ ಅವಳಿಗೆ ಒಗ್ಗಿಕೊಂಡಳು, ನನಗೆ ಮೊದಲ ಅನುಮಾನ ಬಂದದ್ದೇ ಅಲ್ಲಿ. ಎರಡನೆಯದು ಅವಳ ಹೆಜ್ಜೆ. ಬೆಕ್ಕಿನ ಹಾಗೆ ಬರುತ್ತಿದ್ದಳು. ತಿರುಗಿ ನೋಡಿದರೆ ಹಿಂದೆಯೇ ನಿಂತಿರುತ್ತಿದ್ದಳು. ಸದ್ದಿಲ್ಲದೆ ನಡೆಯುವವರಿಗೆ ಸದ್ದಿಲ್ಲದೆ ಮಾಡುವ ಕೆಲಸವೂ ಇರುತ್ತದೆ ಎಂಬುದು ನನ್ನ ಅನುಭವ.

ಮೊದಲ ಸಂಜೆ ಅವಳು ಹೊರಡುವಾಗ ನನ್ನ ಬಾಯಿಂದ ತಾನಾಗಿ ಬಂತು, "ಚೀಲ ತೋರ್ಸು."

ಅವಳು ಚೀಲವನ್ನು ಹೆಗಲಿನಿಂದ ಇಳಿಸಿದಳು. ಆಮೇಲೆ ಜಿಪ್ ಎಳೆದು ಚೀಲ ಅಗಲಿಸಿ ಹಿಡಿದಳು. ಊಟದ ಡಬ್ಬಿ, ಬಾಚಣಿಗೆ, ಛತ್ರಿ, ತಲೆನೋವಿನ ಮಾತ್ರೆ. ಮರುದಿನದಿಂದ ನಾನು ಕೇಳದಿದ್ದರೂ ಬಾಗಿಲ ಹತ್ತಿರ ಬಂದು ಚೀಲ ತೆರೆದು ಹಿಡಿಯುವಳು, ನಾನು ನೋಡುವವರೆಗೆ ಕಾಯುವಳು, ಮುಚ್ಚಿಕೊಂಡು ಹೋಗುವಳು. ಮುಖದಲ್ಲಿ ಸಿಟ್ಟಿಲ್ಲ, ನಗೆಯೂ ಇಲ್ಲ. ಕೇಳದೆ ತೋರಿಸುವವರ ಚೀಲವನ್ನು ನಾನು ಕಾರ್ಖಾನೆಯಲ್ಲಿ ಎರಡು ಸಲ ನೋಡುತ್ತಿದ್ದೆ.

ದಿನಾ ಹತ್ತು ಗಂಟೆಗೆ ನಾನು ನೀರಿನ ಮೋಟರ್ ಹಾಕಲು ಕೆಳಗೆ ಇಳಿಯುತ್ತೇನೆ. ಟ್ಯಾಂಕ್ ತುಂಬುವವರೆಗೆ ಅಲ್ಲೇ ತರಕಾರಿ ಹೆಚ್ಚಿ, ಮೋಟರ್ ಆರಿಸಿ, ಮೇಲೆ ಬರುತ್ತೇನೆ. ಆಯಾ ಬಂದ ಎರಡನೇ ಸೋಮವಾರ ಹಾಗೆ ಮೇಲೆ ಬಂದರೆ ಗೇಟು ಎರಡು ಬೆರಳಿನಷ್ಟು ತೆರೆದಿತ್ತು. ಬುಗುರಿ ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಚಪ್ಪಲಿ ನೆಕ್ಕುತ್ತಿದ್ದಳು. ಆಯಾ ಕೋಣೆಯಲ್ಲಿ ಹಾಸಿಗೆ ಬಟ್ಟೆ ಬದಲಾಯಿಸುತ್ತಿದ್ದಳು.

ಮಗುವನ್ನು ಎತ್ತಿಕೊಂಡು, "ಗೇಟು ತೆಗೆದೋರು ಯಾರು?" ಎಂದೆ.

ಅವಳು ಗೇಟಿನ ಹತ್ತಿರ ಬಂದು ಚಿಲಕ ನೋಡಿದಳು. ಹಿಡಿಯನ್ನು ಮುಟ್ಟಿ ನೋಡಿದಳು. ನನ್ನ ಮುಖ ನೋಡಿದಳು. ಏನೋ ಹೇಳಹೊರಟವಳು ನುಂಗಿಕೊಂಡು, "ಇನ್ನು ಮೇಲೆ ನಾನು ನೋಡ್ಕೋತೀನಿ ಅಮ್ಮ," ಎಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ತಪ್ಪು ಮಾಡದವಳು "ನಾನಲ್ಲ" ಎನ್ನುತ್ತಾಳೆ, "ಇನ್ನು ಮೇಲೆ" ಎನ್ನುವುದಿಲ್ಲ. ಸಂಜೆ ಸೊಸೆ ಬಂದ ಕೂಡಲೇ ವರದಿ ಒಪ್ಪಿಸಿದೆ.

ಸೊಸೆ ಬೈಯಲಿಲ್ಲ. ಅವಳು ಬೈಯದಿದ್ದಾಗಲೇ ನನಗೆ ಹೆದರಿಕೆ. ಬುಗುರಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು, "ಅತ್ತೆ, ಇನ್ನೊಂದ್ಸಲ ಗೇಟು ತೆರೆದಿದ್ರೆ ಯಾರು ತೆಗೆದ್ರು ಅಂತ ನಾನು ಕೇಳಲ್ಲ. ಮಾರನೇ ದಿನವೇ ಇವಳನ್ನ ಮಕ್ಕಳ ಕೇಂದ್ರಕ್ಕೆ ಸೇರಿಸ್ತೀನಿ. ಬೆಳಿಗ್ಗೆ ಎಂಟರಿಂದ ಸಂಜೆ ಆರು. ನನಗೆ ಲ್ಯಾಬಲ್ಲಿ ಕೈ ನಡುಗಬಾರದು."

ಬುಗುರಿ ಮಧ್ಯಾಹ್ನ ನನ್ನ ಮಡಿಲಲ್ಲಿ ಮಾತ್ರ ಮಲಗುತ್ತಾಳೆ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು, ಬಾಯಿ ತೆರೆದುಕೊಂಡು. ಆ ಒಂದೂವರೆ ಗಂಟೆಗಾಗಿಯೇ ನಾನು ಬೆಳಿಗ್ಗೆ ಏಳುವುದು. ಯಾವಳದೋ ಬೇಜವಾಬ್ದಾರಿಗೆ ಅದು ನನ್ನ ಕೈ ತಪ್ಪಬೇಕೆ? ಇನ್ನೊಂದು ಸಲ ಗೇಟು ತೆರೆಯುವ ಮೊದಲೇ ಕಳ್ಳಿಯನ್ನು ಹಿಡಿದು ಹೊರಗೆ ಹಾಕಬೇಕು ಎಂದು ತೀರ್ಮಾನಿಸಿದೆ.

ಕಾರ್ಖಾನೆಯ ಉಗ್ರಾಣದಲ್ಲಿ ನಾವೊಂದು ಉಪಾಯ ಮಾಡುತ್ತಿದ್ದೆವು. ಬೀಗ ಹಾಕಿದ ಮೇಲೆ ಚಿಲಕದ ಹಿಡಿಯಿಂದ ಪಕ್ಕದ ಸರಳಿಗೆ ಒಂದೆಳೆ ಕಪ್ಪು ದಾರ ಬಿಗಿಯಾಗಿ ಕಟ್ಟುವುದು. ಹಿಡಿ ಒಂದು ಕೂದಲಿನಷ್ಟು ಅಲುಗಿದರೂ ದಾರ ಹರಿಯುತ್ತದೆ. ಕಬ್ಬಿಣದ ಮೇಲೆ ಕಪ್ಪು ದಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ದಾರದಿಂದ ಇಬ್ಬರು ಗುಮಾಸ್ತರನ್ನು ಮನೆಗೆ ಕಳಿಸಿದ್ದೇನೆ.

ಮಂಗಳವಾರ ಹತ್ತಕ್ಕೆ ಇಳಿಯುವಾಗ ಗೇಟು ಎಳೆದೆ, ಟಕ್ ಕೇಳಿತು, ಹಿಡಿಯಿಂದ ಗೇಟಿನದೇ ಮೇಲಿನ ಸರಳಿಗೆ ದಾರ ಕಟ್ಟಿದೆ. ಬೆರಳಿಗೆ ಇನ್ನೂ ಆ ಗಂಟು ನೆನಪಿತ್ತು. ಮೋಟರ್ ಆರಿಸಿ ಬಂದು ನೋಡಿದರೆ ಗೇಟು ಹಾಕಿದಂತೆಯೇ ಇತ್ತು, ದಾರ ಹರಿದಿತ್ತು.

ಬುಧವಾರವೂ ಹರಿದಿತ್ತು. ಗುರುವಾರವೂ ಹರಿದಿತ್ತು.

ಅಂದರೆ ನಾನು ಕೆಳಗೆ ಇಳಿದ ಕೂಡಲೇ ಇವಳು ಗೇಟು ತೆಗೆಯುತ್ತಾಳೆ, ನಾನು ಬರುವುದರೊಳಗೆ ಹಾಕುತ್ತಾಳೆ. ಯಾಕೆ? ಕೆಳಗಿನವರೆಗೆ ಬಂದು ನಾನೇನು ಮಾಡುತ್ತೇನೆಂದು ನೋಡುತ್ತಾಳೆಯೇ? ಬೀದಿ ಬಾಗಿಲಲ್ಲಿ ಯಾರಾದರೂ ಕಾಯುತ್ತಾರೆಯೇ? ಮನೆಯ ಸಾಮಾನು ಚೀಲದಲ್ಲಿ ಹೋಗುವುದಿಲ್ಲವೆಂದರೆ ಬೇರೆ ದಾರಿಯಲ್ಲಿ ಹೋಗುತ್ತಿರಬೇಕು. ಬೆಳ್ಳಿ ಲೋಟ ಎಣಿಸಿದೆ, ಸರಿಯಿತ್ತು. ಸರಿಯಿದ್ದದ್ದು ನನಗೆ ಇನ್ನೂ ಕೆಟ್ಟ ಲಕ್ಷಣವಾಗಿ ಕಂಡಿತು. ಸಣ್ಣದಕ್ಕೆ ಕೈ ಹಾಕದವಳು ದೊಡ್ಡದಕ್ಕೆ ಹೊಂಚು ಹಾಕಿರಬೇಕು.

ಶುಕ್ರವಾರ ಸಂಜೆ ಎಲ್ಲರೂ ಇರುವಾಗ ಮೂರು ದಾರದ ತುಂಡುಗಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ಮೇಜಿನ ಮೇಲೆ ಇರಿಸಿದೆ. ನಡೆದದ್ದನ್ನು ದಿನ, ಗಂಟೆ ಸಮೇತ ಹೇಳಿದೆ.

"ಅವರು ಗೇಟು ತೆಗೆದಿದ್ದನ್ನ ಕಣ್ಣಾರೆ ನೋಡಿದ್ರಾ ಅತ್ತೆ?" ಎಂದಳು ಸೊಸೆ. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀವು ಪ್ರತ್ಯಕ್ಷಾನೂ ಕಂಡಿಲ್ಲ."

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಮ್ಮ? ಮನುಷ್ಯರು ಸುಳ್ಳು ಹೇಳ್ತಾರೆ, ದಾರ ಹೇಳುತ್ತಾ?"

ಸೊಸೆ ಆಯಾಳ ಕಡೆ ತಿರುಗಿದಳು. ಆಯಾ ತಟ್ಟೆಯನ್ನೇ ನೋಡುತ್ತಿದ್ದಳು.

"ಗೇಟು ನಾನು ತೆಗೆದಿಲ್ಲ," ಎಂದಳು. "ಹಿಡಿ ಮುಟ್ಟಿದ್ದು ನಿಜ."

"ತೆಗೆಯೋಕಲ್ದೆ ಹಿಡಿ ಯಾಕೆ ಮುಟ್ತೀಯಾ?" ಎಂದೆ ನಾನು.

ಅವಳು ನನ್ನನ್ನು ನೋಡಿದಳು. ಮಗ ತಲೆ ಕೆರೆದುಕೊಂಡು, "ಉತ್ತರಾನೇ ಇಲ್ಲ ಅಂದ್ಮೇಲೆ..." ಎಂದು ಮಾತು ಅರ್ಧಕ್ಕೇ ಬಿಟ್ಟ. ಸೊಸೆ ಮೆತ್ತಗೆ, ಸೋಮವಾರದಿಂದ ಬರುವುದು ಬೇಡ ಎಂದಳು. ಆಯಾ ಮಲಗಿದ್ದ ಬುಗುರಿಯ ಹೊದಿಕೆ ಸರಿಮಾಡಿ, ಬಾಗಿಲಿಗೆ ಬಂದು, ಎಂದಿನಂತೆ ಚೀಲ ತೆರೆದು ನನ್ನ ಮುಂದೆ ಹಿಡಿದಳು. ನಾನು ನೋಡಿದೆ. ಡಬ್ಬಿ, ಬಾಚಣಿಗೆ, ಛತ್ರಿ. ಮಾತ್ರೆ ಮುಗಿದಿತ್ತು.

ಬೇಲಿಯೇ ಎದ್ದು ಹೊಲ ಮೇಯುವ ಕಾಲ ಎಂದು ಆ ಶನಿವಾರ, ಭಾನುವಾರ ಸಿಕ್ಕವರಿಗೆಲ್ಲ ಹೇಳಿದೆ. ಬೇರೆ ಆಯಾ ಸಿಗುವವರೆಗೆ ನಾನೊಬ್ಬಳೇ ಸಾಕು ಎಂದು ಸೊಸೆಯನ್ನು ಒಪ್ಪಿಸಿದೆ.

ಸೋಮವಾರ ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋದರು. ಮನೆಯಲ್ಲಿ ನಾನು, ಬುಗುರಿ. ಹತ್ತು ಗಂಟೆಗೆ ಅವಳ ಮುಂದೆ ಡಬ್ಬಿಗಳನ್ನೂ ಕೆಂಪು ಚೆಂಡನ್ನೂ ಸುರಿದು, ಗೇಟು ಎಳೆದೆ, ಟಕ್ ಕೇಳಿತು. ಕೈ ತಾನಾಗಿ ದಾರ ಕಟ್ಟಿತು. ಕಟ್ಟಿದ ಮೇಲೆ ನಗು ಬಂತು. ಈಗ ಹಿಡಿಯಬೇಕಾದವರು ಯಾರಿದ್ದಾರೆ ಮನೆಯಲ್ಲಿ?

ಕೆಳಗೆ ಬಂದು ಮೋಟರ್ ಹಾಕಿದೆ. ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದೆ. ಏನೋ ಬಂದು ನನ್ನ ಪಾದಕ್ಕೆ ತಾಗಿತು. ಕೆಂಪು ಚೆಂಡು.

ಚೆಂಡು ಸರಳುಗಳ ನಡುವೆ ಬರುವುದಿಲ್ಲ. ಮೂರು ಬೆರಳಿನ ಸಂದಿ. ಅಷ್ಟು ಯೋಚಿಸುವುದರೊಳಗೆ ನಾನು ಎದ್ದು ಮೆಟ್ಟಿಲ ಬುಡಕ್ಕೆ ಬಂದಿದ್ದೆ.

ಬುಗುರಿ ಮೇಲಿನಿಂದ ಎರಡನೇ ಮೆಟ್ಟಿಲಲ್ಲಿ ನಿಂತಿದ್ದಳು. ಏನನ್ನೂ ಹಿಡಿದುಕೊಂಡಿರಲಿಲ್ಲ. ಒಂದು ಕಾಲು ಮುಂದೆ, ಗಾಳಿಯಲ್ಲಿ. ನನ್ನನ್ನು ಕಂಡು ನಾಲ್ಕು ಹಲ್ಲು ತೋರಿಸಿ ನಕ್ಕಳು.

ಕೂಗಲು ಬಾಯಿ ತೆರೆದೆ, ಮುಚ್ಚಿದೆ. ಕರೆದರೆ ಓಡಿ ಬರುತ್ತಾಳೆ, ಅವಳಿಗೆ ಗೊತ್ತಿರುವುದು ಅದೊಂದೇ. ಬೇಡ ಎಂದು ಕೈ ಆಡಿಸಿದರೂ ಬಾ ಎಂದುಕೊಳ್ಳುತ್ತಾಳೆ. ನಾನು ಮುಖ ತಗ್ಗಿಸಿ, ಅವಳನ್ನು ನೋಡದವಳ ಹಾಗೆ, ಎರಡು ಕೈ ಎರಡು ಮೊಣಕಾಲು ಊರಿ ಮೆಟ್ಟಿಲು ಹತ್ತತೊಡಗಿದೆ. ಕಲ್ಲಿನ ಅಂಚು ಮೊಣಕಾಲಿನ ಮೂಳೆಗೆ ಒತ್ತುತ್ತಿತ್ತು. ಐದು, ಆರು, ಏಳು. ಮೇಲೆ ಏನಾಗುತ್ತಿದೆ ಎಂದು ಕೇಳಿಸುತ್ತಿಲ್ಲ. ನನಗೆ ಏನೂ ಕೇಳಿಸುತ್ತಿಲ್ಲ ಎಂಬುದು ಜೀವನದಲ್ಲಿ ಮೊದಲ ಸಲ ಅಲ್ಲಿ, ಒಂಬತ್ತನೇ ಮೆಟ್ಟಿಲಲ್ಲಿ ಗೊತ್ತಾಯಿತು. ತಲೆ ಎತ್ತಿದೆ. ಅವಳು ಮೂರನೇ ಮೆಟ್ಟಿಲಿಗೆ ಇಳಿದಿದ್ದಳು, ನನ್ನ ಆಟ ನೋಡಿ ಖುಷಿಯಾಗಿ ಎರಡೂ ಕೈ ಎತ್ತಿದ್ದಳು. ಹೇಗೆ ಉಳಿದ ಮೆಟ್ಟಿಲು ಹತ್ತಿದೆನೋ ತಿಳಿಯದು. ಅವಳ ಕಾಲಿನ ಹಿಮ್ಮಡಿ ನನ್ನ ಅಂಗೈಗೆ ಸಿಕ್ಕಿತು. ಎಳೆದು ಎದೆಗೆ ಒತ್ತಿಕೊಂಡೆ. ಅವಳು ನೋವಾಗಿ ಅತ್ತಳು. ನಾನು ಹೆದರಿ ಅತ್ತೆ.

ಅಳು ನಿಂತ ಮೇಲೆ ಅವಳನ್ನು ಕಂಕುಳಲ್ಲಿ ಹಿಡಿದುಕೊಂಡೇ ಗೇಟಿನ ಹತ್ತಿರ ಹೋದೆ. ಗೇಟು ಹಜಾರದ ಕಡೆಗೆ ಪೂರ್ತಿ ತೆರೆದಿತ್ತು. ದಾರ ಹರಿದಿರಲಿಲ್ಲ. ನಾನು ಕಟ್ಟಿದ ಗಂಟು, ನಾನು ಕಟ್ಟಿದ ಬಿಗಿ, ಹಾಗೇ ಇತ್ತು.

ಹಿಡಿ ಅಲುಗದೆ ಗೇಟು ತೆರೆದಿತ್ತು. ನನ್ನ ಉಪಾಯ ಹಿಡಿಯನ್ನು ಮಾತ್ರ ಕಾಯುತ್ತಿತ್ತು, ಗೇಟನ್ನಲ್ಲ. ಹಜಾರದ ಒಳಗೆ ನಿಂತು ಗೇಟು ದೂಡಿ ಹಾಕಿದೆ, ಟಕ್. ಬುಗುರಿಯ ಕೈಯನ್ನು ಸರಳಿನ ಮೇಲಿಟ್ಟೆ. ಏನು ಸಿಕ್ಕರೂ ಅಲ್ಲಾಡಿಸುವ ರೂಢಿಯಂತೆ ಅವಳು ಎರಡು ಸಲ ಅಲ್ಲಾಡಿಸಿದಳು. ಗೇಟು ಬಿಟ್ಟುಕೊಂಡು ನಮ್ಮ ಕಡೆಗೆ ಬಂತು. ಮತ್ತೆ ದೂಡಿದೆ, ಈ ಸಲ ಹಿಡಿಯನ್ನು ಬಲವಾಗಿ ಕೆಳಗೆ ಒತ್ತಿದೆ. ಸದ್ದು ಕೇಳಲಿಲ್ಲ, ಆದರೆ ಅಂಗೈಗೆ ಏನೋ ಚಿಕ್ಕದಾಗಿ ತಾಗಿತು. ಗೇಟು ಕಲ್ಲಿನಂತೆ ನಿಂತಿತು. ದಾರ ಹರಿದಿತ್ತು.

ಮೂರು ದಿನ ದಾರ ಹರಿದದ್ದು ಹಾಗೆ. ನಾನು ಅರ್ಧ ಹಾಕಿ ಹೋದ ಗೇಟನ್ನು ಅವಳು ನನ್ನ ಹಿಂದೆಯೇ ಬಂದು ಪೂರ್ತಿ ಹಾಕುತ್ತಿದ್ದಳು. ಬೇಲಿಯೇ ಹೊಲ ಮೇಯ್ದದ್ದು ನಿಜ, ಬೇಲಿ ಯಾವುದು ಎಂಬುದರಲ್ಲಿ ಮಾತ್ರ ತಪ್ಪಿದ್ದೆ. ನಾಚಿಕೆಯಿಂದ ಒಬ್ಬಳೇ ಇದ್ದರೂ ಮುಖ ಎಲ್ಲಿ ಇಡಲಿ ಎನ್ನಿಸಿತು. ಟ್ಯಾಂಕ್ ತುಂಬಿ ನೀರು ಗೋಡೆಯ ಮೇಲೆ ಹರಿಯುತ್ತಿತ್ತು.

ಯಾರೂ ನೋಡಿರಲಿಲ್ಲ. ಬುಗುರಿಗೆ ಹೇಳಲು ಬರುವುದಿಲ್ಲ. ಮೊಣಕಾಲಿನ ತರಚಿಗೆ ನೂರು ಕಾರಣ ಹೇಳಬಹುದು. ನಾಳೆಯಿಂದ ಗಟ್ಟಿಯಾಗಿ ಒತ್ತಿದರಾಯಿತು, ಮಗು ನನ್ನ ಮಡಿಲಲ್ಲೇ ಉಳಿಯುತ್ತದೆ. ಮಧ್ಯಾಹ್ನ ಅವಳು ಸೆರಗು ಹಿಡಿದು ಮಲಗಿದಾಗ ಇದನ್ನೆಲ್ಲ ಯೋಚಿಸಿದೆ. ಇಪ್ಪತ್ತೇಳು ವರ್ಷ ಆರುನೂರು ಜನರ ಚೀಲ ಬಿಚ್ಚಿಸಿದವಳು ನಾನು. ನನ್ನ ಚೀಲದಲ್ಲಿ ಇದನ್ನು ಇಟ್ಟುಕೊಂಡು ಯಾವ ಗೇಟು ದಾಟಲಿ?

ಸಂಜೆ ಸೊಸೆ ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಚೆಂಡು, ಮೂರನೇ ಮೆಟ್ಟಿಲು, ದಾರ, ಕಿವಿ. ಅವಳು ಬುಗುರಿಯನ್ನು ಎತ್ತಿಕೊಂಡು ಕೈ, ಕಾಲು, ತಲೆಯ ಹಿಂಭಾಗ ಎಲ್ಲ ತಡವಿ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆಯೇ ಕೂತಳು.

"ನೀವು ಹೇಳದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ."

"ಹೌದು."

"ಕಿವಿ ಡಾಕ್ಟರ ಹತ್ರ ಬುಧವಾರ ಹೋಗೋಣ. ಇನ್ನು ಮೇಲೆ ನೀವೊಬ್ರೇ ಇವಳನ್ನ ನೋಡ್ಕೊಳ್ಳೋದು ಬೇಡ ಅತ್ತೆ. ಸಿಟ್ಟಲ್ಲಿ ಹೇಳ್ತಿಲ್ಲ."

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. "ಅವರು ವಾಪಸ್ ಬಂದ್ರೆ ಮಗು ಮನೇಲೇ ಇರ್ಲಿ," ಎಂದಳು. "ಬರ್ದೇ ಇದ್ರೆ ಕೇಂದ್ರಕ್ಕೆ. ನಾನು ಹೋಗಿ ಕರೆಯಲ್ಲ. ನೀವೇ ಕರೀಬೇಕು."

ಆಯಾಳ ಮನೆ ಎರಡು ಬೀದಿ ಆಚೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ. ಮರುದಿನ ಸೊಸೆ ರಜೆ ಹಾಕಿ ಮಗುವಿನ ಹತ್ತಿರ ಇದ್ದಳು, ನಾನು ಬೆಳಿಗ್ಗೆಯೇ ಹೋದೆ. ಅವಳು ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ. ನಿಂತೇ ಎಲ್ಲ ಹೇಳಿದೆ. ಬುಗುರಿ ಮೂರನೇ ಮೆಟ್ಟಿಲಲ್ಲಿ ಇದ್ದದ್ದನ್ನು ಹೇಳುವಾಗ ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

"ದಾರ ಕಟ್ಟಿದ್ದು ನಿನಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಮೊದಲ್ನೇ ದಿನ ಪಾಪು ಫ್ರಾಕಿಂದು ಅಂದ್ಕೊಂಡೆ. ಎರಡ್ನೇ ದಿನ ಗಂಟು ನೋಡ್ದೆ. ಫ್ರಾಕಿನ ದಾರ ತಾನೇ ಗಂಟು ಹಾಕ್ಕೊಳ್ಳಲ್ವಲ್ಲ."

"ಗೊತ್ತಿದ್ದೂ ಮೂರನೇ ದಿನ ಹರಿದ್ಯಲ್ಲ."

"ಹರೀದೆ ಗೇಟು ಪೂರ್ತಿ ಹಾಕೋಕಾಗ್ತಿರಲಿಲ್ಲ ಅಮ್ಮ. ದಾರ ಉಳಿಸ್ಲಾ, ಪಾಪೂನ ಉಳಿಸ್ಲಾ?"

ನನಗೆ ತಲೆ ಎತ್ತಲಾಗಲಿಲ್ಲ. ಹೊಸ್ತಿಲನ್ನೇ ನೋಡುತ್ತ ಕೇಳಿದೆ, "ಆ ಶುಕ್ರವಾರನಾದ್ರೂ ಯಾಕೆ ಬಾಯಿ ಬಿಡಲಿಲ್ಲ?"

"ಮೊದಲ್ನೇ ಸಲ ಗೇಟು ತೆರೆದಿದ್ದಾಗ್ಲೇ ಗೊತ್ತಾಯ್ತು, ನಿಮಗೆ ಎರಡನೇ ಸದ್ದು ಕೇಳಿಸ್ತಿಲ್ಲ ಅಂತ. ಹಿಂದಿನಿಂದ ಬಂದು ಅಮ್ಮ ಅಮ್ಮ ಅಂತ ಎಷ್ಟು ಸಲ ಕರೆದಿದ್ದೀನಿ, ನೀವು ತಿರುಗ್ತಿರಲಿಲ್ಲ. ಮನೇಲಿ ಹೇಳಿದ್ರೆ ಪಾಪೂನ ನಿಮ್ಮ ಹತ್ರ ಬಿಡಲ್ಲ. ಅದು ಮಲಗೋದು ನಿಮ್ಮ ಮಡಿಲಲ್ಲಿ. ನಾನೇ ಹಿಂದೆ ಬಂದು ಒತ್ತಿದ್ರೆ ಆಯ್ತಲ್ಲ ಅಂದ್ಕೊಂಡೆ." ಅವಳ ದನಿ ಗಟ್ಟಿಯಾಯಿತು. ನನಗೆ ಕೇಳಲಿ ಎಂದೋ ಸಿಟ್ಟಿಗೋ ತಿಳಿಯಲಿಲ್ಲ. "ಶುಕ್ರವಾರ ಹೇಳೋಣ ಅಂತಾನೇ ಇದ್ದೆ. ನೀವು ದಾರಾನ ತಟ್ಟೇಲಿಟ್ಟು ತಂದ್ರಿ. ಆಮೇಲೆ ನಾನು ನಿಮ್ಮ ಕಿವಿ ಸರಿ ಇಲ್ಲ ಅಂದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ದೆ ಅಂತಿದ್ರಿ. ಅಂತಿದ್ರೋ ಇಲ್ವೋ, ನೀವೇ ಹೇಳಿ."

"ಅಂತಿದ್ದೆ," ಎಂದೆ. "ತಪ್ಪಾಯ್ತು. ಹೊಟ್ಟೆಗೆ ಹಾಕ್ಕೋ. ವಾಪಸ್ ಬಾ."

ಕೆಳಗೆ ಯಾರೋ ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಅವಳು ಅದನ್ನೇ ನೋಡುತ್ತ ನಿಂತಳು.

"ಪಾಪುಗೋಸ್ಕರ ಬರ್ತೀನಿ. ಆದ್ರೆ ಇನ್ನು ಚೀಲ ತೆಗೆದು ತೋರ್ಸಲ್ಲ."

"ಬೇಡ," ಎಂದೆ.

ಬುಧವಾರ ಅವಳು ಬಂದಳು. ಬುಗುರಿ ಅವಳ ಕತ್ತಿಗೆ ಜೋತುಬಿದ್ದು ಅರ್ಧ ಗಂಟೆ ಕೆಳಗೆ ಇಳಿಯಲಿಲ್ಲ. ಮಧ್ಯಾಹ್ನ ಸೊಸೆ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಿವಿಗೆ ಯಂತ್ರ ಬೇಕು, ಬರಲು ಮೂರು ವಾರ ಎಂದರು. ಸಂಜೆ ಆಯಾ ಮುಚ್ಚಿದ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮುಂದೆಯೇ ಹಾದು ಹೋದಳು. ನನ್ನ ಎರಡು ಕೈಗಳಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡೆ.

ಗುರುವಾರ ಹತ್ತು ಗಂಟೆಗೆ ಗೇಟು ಎಳೆದೆ. ಹಿಡಿಯನ್ನು ಒತ್ತಿ, ಹೆಬ್ಬೆರಳನ್ನು ಮೊಳೆ ಬರುವ ಜಾಗದ ಮೇಲಿಟ್ಟೆ. ಅದು ಬಂದು ಬೆರಳಿಗೆ ಕುಟ್ಟಿತು. ಸರಳು ಹಿಡಿದು ಎರಡು ಸಲ ಅಲ್ಲಾಡಿಸಿದೆ, ಅಲುಗಲಿಲ್ಲ. "ಹಾಕಿದೀನಿ," ಎಂದು ಒಳಗೆ ಕೇಳುವಂತೆ ಹೇಳಿ ಇಳಿದೆ.

ನಾಲ್ಕು ಮೆಟ್ಟಿಲು ಇಳಿದು ಯಾಕೋ ತಿರುಗಿ ನೋಡಿದೆ. ಆಯಾ ಬುಗುರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೇಟಿನ ಹತ್ತಿರ ಬಂದಿದ್ದಳು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಿತ್ತು. ಹಿಡಿಯನ್ನು ಒಮ್ಮೆ ಒತ್ತಿದಳು, ಸರಳನ್ನು ಎರಡು ಸಲ ಅಲ್ಲಾಡಿಸಿದಳು, ಬಗ್ಗಿ ಮೊಳೆಯನ್ನು ಕಣ್ಣಿಂದ ನೋಡಿದಳು. ಎಲ್ಲ ಸರಿಯಿತ್ತು. ಅವಳು ನನ್ನನ್ನು ನಂಬುವುದಿಲ್ಲ. ನಂಬಬಾರದು ಕೂಡ, ನನಗೆ ಕಿವಿ ಬರುವವರೆಗೆ.

ನಾನು ಮೋಟರ್ ಹಾಕಲು ಕೆಳಗೆ ಹೋದೆ.